ದಾಕ್ಷಾಯಣಮ್ಮನಿಗೆ ಊರು ಎದುರಾಡದೆ ಇದ್ದ ದಿನಗಳು

ನಮ್ಮೂರಿನಲ್ಲಿ ಮಾತು ಹೊಸ್ತಿಲು ದಾಟುವುದಿಲ್ಲ. ಮನೆಯೊಳಗೆ ನಿಂತು ಗಂಟಲು ಹರಿಯುವಂತೆ ಕೂಗಿಕೊಂಡರೂ ಬೀದಿಯಲ್ಲಿರುವವನಿಗೆ ನಿಮ್ಮ ಬಾಯಿ ತೆರೆದು ಮುಚ್ಚುವುದಷ್ಟೇ ಕಾಣುತ್ತದೆ. ಬೀದಿಯ ಮಾತು ಬೀದಿಯಲ್ಲೇ, ಪಡಸಾಲೆಯ ಮಾತು ಪಡಸಾಲೆಯಲ್ಲೇ. ಬೇರೆ ಊರಿಂದ ಬಂದ ಸೊಸೆಯಂದಿರು ಮೊದಮೊದಲು ಬೆಚ್ಚಿಬೀಳುತ್ತಾರೆ. ಆಮೇಲೆ ಇಷ್ಟು ಅನುಕೂಲದ ಊರು ಇನ್ನೊಂದಿಲ್ಲವೆಂದು ತವರಿಗೆ ಹೋದಾಗ ಕೊಚ್ಚಿಕೊಳ್ಳುತ್ತಾರೆ.

ಹಾಗಾಗಿ ಪ್ರತಿಯೊಬ್ಬರ ಸೊಂಟದಲ್ಲೂ ಒಂದೊಂದು ವಾಕಿಟಾಕಿ. ಪಕ್ಕದ ಮನೆಯಿಂದ ಎರಡು ಎಸಳು ಕರಿಬೇವು ಬೇಕಾದರೂ ಗುಂಡಿ ಒತ್ತಿ ಕೇಳಬೇಕು. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು, ಮುಗಿದ ಮೇಲೆ 'ಆಯ್ತು' ಅನ್ನಬೇಕು. ಈ ಅಭ್ಯಾಸ ನಮ್ಮ ರಕ್ತಕ್ಕೇ ಇಳಿದುಬಿಟ್ಟಿದೆ. ಅಡುಗೆಮನೆಯಲ್ಲಿ ಎದುರುಬದುರು ನಿಂತು ಜಗಳವಾಡುವ ಗಂಡ ಹೆಂಡಿರೂ "ನಿಮ್ಮಮ್ಮ ಬಂದ್ರೆ ನಾನು ಹೊರಟೆ, ಆಯ್ತು" ಎಂದು ಹೇಳಿ ಉತ್ತರಕ್ಕಾಗಿ ಕಾಯುತ್ತಾರೆ.

ಇರುವುದು ಒಂದೇ ಚಾನೆಲ್. ಎಲ್ಲರ ಮಾತೂ ಎಲ್ಲರಿಗೂ. ನಾನು ಪೇಟೆ ಬೀದಿಯ ದರ್ಜಿ ಮುರಿಗೆಪ್ಪ. ಗಿರಾಕಿಗಳು ಅಳತೆಯನ್ನು ವಾಕಿಯಲ್ಲೇ ಹೇಳುವುದರಿಂದ ಪುರಸಭೆ ಅಧ್ಯಕ್ಷ ಜಯದೇವಪ್ಪನವರ ಸೊಂಟ ಯಾವ ಹಬ್ಬಕ್ಕೆ ಎಷ್ಟು ಬೆಳೆಯಿತೆಂಬುದು ಊರಿಗೆಲ್ಲ ಬಾಯಿಪಾಠ.

ಈ ಕೈವಾಕಿಗಳಿಗೆ ದೂರ ಹೋಗುವ ಶಕ್ತಿಯಿಲ್ಲ. ಗುಡ್ಡದ ನೆತ್ತಿಯ ಮೇಲೆ ಒಂದು ಸಣ್ಣ ಕೋಣೆ, ಅದರೊಳಗೆ ರಿಪೀಟರ್ ಎಂಬ ಯಂತ್ರ. ಯಾರೇ ಮಾತಾಡಿದರೂ ಅದು ಮೊದಲು ಕೇಳಿಸಿಕೊಂಡು, ಆಮೇಲೆ ಜೋರು ದನಿಯಲ್ಲಿ ಊರಿಗೆಲ್ಲ ಹೇಳುತ್ತದೆ. ಅದನ್ನು ನೋಡಿಕೊಳ್ಳುವವಳು ನನ್ನ ಹೆಂಡತಿ ರುದ್ರಾಣಿ. ಅವಳಿಗಿಂತ ಮುಂಚೆ ಅವಳ ಅಪ್ಪ ನೋಡಿಕೊಳ್ಳುತ್ತಿದ್ದರು. ಆ ಯಂತ್ರದಲ್ಲಿ ಮುಖ್ಯವಾದ ತಿರುಪುಗಳು ಎರಡು. ಒಂದಕ್ಕೆ ಅವಳ ಅಪ್ಪ 'ಕಿವಿ' ಎಂದು ಹೆಸರಿಟ್ಟಿದ್ದರು. ಎಷ್ಟು ಸಣ್ಣ ದನಿಯವರೆಗೆ ಯಂತ್ರಕ್ಕೆ ಕೇಳಿಸಬೇಕು ಎಂಬುದು ಅದರ ಕೆಲಸ. ಇನ್ನೊಂದು ಸ್ಕ್ವೆಲ್ಚ್. ಅದನ್ನು ಅವರು 'ಕದ' ಎನ್ನುತ್ತಿದ್ದರು. ಗಾಳಿಯಲ್ಲಿ ಸದಾ ಇರುವ ಬುಸ್ ಎಂಬ ಸದ್ದು ಒಳಗೆ ಬಾರದಂತೆ ತಡೆದು, ಮನುಷ್ಯರ ಮಾತು ಬಂದಾಗ ಮಾತ್ರ ತೆರೆಯುವ ಕದ. ಬುಸ್ ಅನ್ನುವವರೆಗೆ ಸಡಿಲ ಮಾಡು, ಅದು ಅಡಗುವವರೆಗೆ ಬಿಗಿ ಮಾಡು, ಮೇಲೆ ಕೂದಲೆಳೆಯಷ್ಟು ಇನ್ನೊಮ್ಮೆ ತಿರುಗಿಸಿ ಕೈ ತೆಗೆ ಎಂದು ಮಗಳಿಗೆ ಕಲಿಸಿದ್ದರು. ಅವಳೂ ಹಾಗೇ ಮಾಡಿಕೊಂಡು ಬಂದಿದ್ದಳು. ಊರು ಸುಖವಾಗಿ ಒಬ್ಬರನ್ನೊಬ್ಬರು ಕೇಳಿಸಿಕೊಂಡು, ಬೈದುಕೊಂಡು ಇತ್ತು.

ಆ ವರ್ಷ ಎಲ್ಲಿಂದಲೋ ಒಂದು ಹೊಸ ಸದ್ದು ಗಾಳಿಗೆ ಸೇರಿಕೊಂಡಿತು. ಹಗಲೂ ರಾತ್ರಿ ಎಲ್ಲರ ಸೊಂಟದಲ್ಲೂ ಬುಸ್ ಬುಸ್. ರುದ್ರಾಣಿ ಹಾಕಿಟ್ಟ ಕದವನ್ನು ತಳ್ಳಿಕೊಂಡು ಒಳಗೆ ಬರುವಷ್ಟು ಬಲ ಅದಕ್ಕಿತ್ತು. ಬಿಡುವಿಲ್ಲದೆ ಕೂಗಿ ಕೂಗಿ ಯಂತ್ರ ಹಪ್ಪಳ ಸುಡುವಷ್ಟು ಕಾಯತೊಡಗಿತು. ಕಿವಿಯನ್ನು ಸ್ವಲ್ಪ ಮಂದ ಮಾಡಿ ನೋಡಿದಳು. ಪೇಟೆಯವರ ಮಾತೇ ಕರಕರ ಎನ್ನತೊಡಗಿದಾಗ ಮತ್ತೆ ಮೊದಲಿನಂತೆ ಇಟ್ಟಳು. ಸದ್ದಿನ ಮೂಲ ಹುಡುಕಲು ಹೊರಟವಳು ಮೊದಲು ಹಿಡಿದದ್ದು ನನ್ನ ಹೊಲಿಗೆ ಯಂತ್ರದ ಮೋಟಾರನ್ನು.

"ರೀ, ಇದನ್ನ ಬಿಚ್ಚಿಡಿ. ನಾಲ್ಕು ದಿನ ಕಾಲಲ್ಲಿ ತುಳೀರಿ."

"ನನ್ನ ಮಂಡಿ?"

"ಮಂಡಿ ಸದ್ದು ಮಾಡಲ್ಲ."

ಬಿಚ್ಚಿಟ್ಟೆ. ತುಳಿದೆ. ಸದ್ದು ಹೋಗಲಿಲ್ಲ, ಮಂಡಿ ಹೋಯಿತು. ಆಮೇಲೆ ಓಂಕಾರಪ್ಪನ ಹಿಟ್ಟಿನ ಗಿರಣಿ ನಿಲ್ಲಿಸಿ ನೋಡಿದಳು. ಪಂಪುಗಳನ್ನು ನಿಲ್ಲಿಸಿ ನೋಡಿದಳು. ಏನೂ ಪ್ರಯೋಜನವಾಗಲಿಲ್ಲ. ಜಯದೇವಪ್ಪನವರು ಪುರಸಭೆಯ ಅಂಗಳದಲ್ಲಿ ಸಭೆ ಕರೆದರು.

"ನೋಡಮ್ಮ ರುದ್ರಾಣಿ, ಊರಿಗೆ ಈಗ ಒಂದು ಕಳೆ ಬಂದಿದೆ. ಊರ ಬಾಗಿಲಿಗೆ ಕಮಾನು ಕಟ್ಟಿಸಿದೀನಿ, ಬಣ್ಣದ ದೀಪ ಓಡಾಡೋ ಹಂಗೆ ಮಾಡ್ಸಿದೀನಿ. ಹಗಲೂ ಉರೀಲಿ ಅಂದಿದೀನಿ. ಹಗಲಲ್ಲಿ ಬಂದೋರಿಗೆ ಸುಸ್ವಾಗತ ಬೇಡ್ವಾ? ಇಂಥಾ ಊರಲ್ಲಿ ಹಾವು ಬುಸುಗುಟ್ಟಿದಂಗೆ ಸದ್ದು ಅಂದ್ರೆ ಏನು ಮರ್ಯಾದೆ? ಆ ಕದ ಅಂತೀಯಲ್ಲ, ಅದನ್ನ ಗಟ್ಟಿಯಾಗಿ ಹಾಕ್ಬಿಡು."

"ಹಾಕ್ತೀನಿ ಅಧ್ಯಕ್ಷರೇ. ಆದ್ರೆ ಸಣ್ಣಗೆ ಬರೋ ದನಿನೂ ಹೊರಗೇ ನಿಂತ್ಕೊಳ್ಳುತ್ತೆ. ಪೇಟೆಯೋರಿಗೇನೂ ತೊಂದ್ರೆ ಇಲ್ಲ. ಗುಡ್ಡದ ಹಿಂದೆ, ಹಳ್ಳದಾಚೆ ಇರೋರ ಮಾತು ಮಾತ್ರ ಯಂತ್ರಕ್ಕೆ ಮುಟ್ಟಲ್ಲ."

"ಹಳ್ಳದಾಚೆ ಇರೋರು ಯಾರು?" ಎಂದು ಅವರು ಕೇಳಿದರು.

ಕೇಳಿದ ಮೇಲೆ ಅವರಿಗೂ ಹೊಳೆಯಿತು, ಸಭೆಗೂ ಹೊಳೆಯಿತು. ಹಳ್ಳದಾಚೆ, ಸುಣ್ಣದ ಗೂಡಿನ ಹತ್ತಿರ ಇರುವುದು ಒಂದೇ ಮನೆ. ಅದು ದಾಕ್ಷಾಯಣಮ್ಮನದು.

ದಾಕ್ಷಾಯಣಮ್ಮ ಊರಿನೊಳಗೆ ಕಾಲಿಟ್ಟು ಎಷ್ಟೋ ವರ್ಷಗಳಾಗಿದ್ದವು. ಮಂಡಿ ನೋವು. ಮನೆಗೆ ಬೇಕಾದ್ದನ್ನೆಲ್ಲ ಅವರ ಜೊತೆಗಿರುವ ತಮ್ಮನ ಹೆಂಡತಿ ಈರಮ್ಮ ಆಚೆ ದಾರಿಯ ಹಳ್ಳಿಯ ಸಂತೆಯಿಂದ ತರುತ್ತಿದ್ದಳು. ಆದರೆ ದಾಕ್ಷಾಯಣಮ್ಮನ ದನಿ ಊರಿನಲ್ಲಿಲ್ಲದ ಗಳಿಗೆಯಿರಲಿಲ್ಲ. ಬೆಳಗ್ಗೆ ಹಲ್ಲುಜ್ಜುವ ಹೊತ್ತಿಗೆ ಶುರು. ಓಂಕಾರಪ್ಪನ ಹಿಟ್ಟು ತರಿತರಿ, ನನ್ನ ಹೊಲಿಗೆ ಸೊಟ್ಟ, ಜಯದೇವಪ್ಪನಿಗೆ ಅಧಿಕಾರದ ಪಿತ್ತ, ರುದ್ರಾಣಿಗೆ ಅವಳಪ್ಪನ ಕೈಗುಣ ಬಂದಿಲ್ಲ. ಊರೂ ಸುಮ್ಮನಿರುತ್ತಿರಲಿಲ್ಲ. ಅವರು 'ಆಯ್ತು' ಅನ್ನುವುದನ್ನೇ ಕಾದಿದ್ದು ನಾಲ್ಕಾರು ಜನ ಒಟ್ಟಿಗೇ ಗುಂಡಿ ಒತ್ತಿ ತಿರುಗಿ ಬೀಳುತ್ತಿದ್ದರು. ಮಧ್ಯಾಹ್ನದ ಊಟದವರೆಗೂ ಅದೇ.

ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓಂಕಾರಪ್ಪ ಮೀಸೆಯೊಳಗೇ ನಕ್ಕ. ಜಯದೇವಪ್ಪನವರು ಕೆಮ್ಮಿ, "ಊರಿನ ಹಿತ ದೊಡ್ಡದು" ಎಂದು ಸಭೆ ಮುಗಿಸಿದರು.

ರುದ್ರಾಣಿ ಗುಡ್ಡ ಹತ್ತಿ ಕದವನ್ನು ಬಿಗಿ ಮಾಡಿದಳು. ಬುಸ್ ಎನ್ನುವ ಸದ್ದು ನಿಂತಿತು. ಮರುದಿನ ಬೆಳಗ್ಗೆ ಊರು ಎಣ್ಣೆ ಸ್ನಾನ ಮಾಡಿ ಮಲಗಿ ಎದ್ದಂತೆ ಹಗುರವಾಗಿತ್ತು. ಸಣ್ಣಪುಟ್ಟ ಎಡವಟ್ಟುಗಳೇನೋ ಆದವು. ಬ್ಯಾಟರಿ ಇಳಿದವರ ಮಾತಿನ ಬಾಲವನ್ನು ಕದ ಕತ್ತರಿಸಿಬಿಡುತ್ತಿತ್ತು. "ತೋಳು ಉದ್ದ ಬೇಡ" ಎಂದವರ "ತೋಳು ಉದ್ದ" ಮಾತ್ರ ನನಗೆ ಮುಟ್ಟಿ, ಒಬ್ಬ ಮೇಷ್ಟ್ರಿಗೆ ಬೆರಳು ಕಾಣದ ಅಂಗಿ ಹೊಲಿದುಕೊಟ್ಟೆ. ಆದರೂ ಊರಿಗೆ ಸಮಾಧಾನವಿತ್ತು.

ರುದ್ರಾಣಿಗೆ ಮಾತ್ರ ಇರಲಿಲ್ಲ. "ಒಂದು ಸಲ ಹೋಗಿ ಅಜ್ಜಿಗೆ ಹೇಳಿ ಬರ್ಬೇಕು ರೀ, ನಿಮ್ಮ ಮಾತು ಕೇಳಿಸ್ತಿಲ್ಲ ಅಂತ" ಎಂದು ದಿನಾ ಬೆಳಗ್ಗೆ ಅನ್ನುತ್ತಿದ್ದಳು. ದಿನಾ ಸಂಜೆ, "ಹೋದ್ರೆ ಇಷ್ಟು ದಿನದ್ದೆಲ್ಲ ಒಟ್ಟಿಗೇ ನನ್ನ ಮೇಲೆ ಸುರೀತಾರೆ" ಎಂದು ಚಪ್ಪಲಿ ಬಿಡುತ್ತಿದ್ದಳು. ಅಜ್ಜಿಗೆ ತಾನೇ ಗೊತ್ತಾಗುತ್ತದೆ, ಈರಮ್ಮನನ್ನು ಕಳಿಸಿ ವಿಚಾರಿಸುತ್ತಾರೆ ಎಂದುಕೊಂಡೆವು.

ಆದರೆ ಅವರಿಗೆ ಗೊತ್ತಾಗಲಿಲ್ಲ. ಯಂತ್ರದ ಬಾಯಿ ದೊಡ್ಡದು. ಅದು ಹೇಳಿದ್ದೆಲ್ಲ ಹಳ್ಳದಾಚೆಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅವರು ಹೇಳಿದ್ದು ಮಾತ್ರ ಇತ್ತ ಬರುತ್ತಿರಲಿಲ್ಲ. ಅಲ್ಲಿ ನಡೆದದ್ದನ್ನು ಆಮೇಲೆ ಈರಮ್ಮ ಹೇಳಿದಳು. ಮೊದಲ ದಿನ ದಾಕ್ಷಾಯಣಮ್ಮ ಎಂದಿನಂತೆ ಬೈದು, 'ಆಯ್ತು' ಎಂದು ಉತ್ತರಕ್ಕೆ ಸೆರಗು ಬಿಗಿದು ಕೂತರಂತೆ. ಯಾರೂ ಎದುರಾಡಲಿಲ್ಲ. "ನಾಚ್ಕೊಂಡವು" ಅಂದರಂತೆ. ಮರುದಿನ ಓಂಕಾರಪ್ಪನಿಗೆ ಗಿರಣಿ ಕಲ್ಲಿಗೆ ಉಳಿ ಹೊಡೆಸು, ಹಿಟ್ಟು ನುಣ್ಣಗಾಗುತ್ತದೆ ಎಂದು ಬುದ್ಧಿ ಹೇಳಿದರು. ಅದೇ ಗಳಿಗೆಗೆ ಓಂಕಾರಪ್ಪ, ಗೋಡೆಗೆ ಸುಣ್ಣ ಹೊಡೆಸಿ ಎಂದು ಗಿರಣಿಗೇ ಬಂದು ಪೀಡಿಸಿ ಹೋಗಿದ್ದ ತನ್ನ ಹೆಂಡತಿಗೆ ವಾಕಿಯಲ್ಲಿ, "ಆಯ್ತು ತಾಯಿ, ನೀನು ಹೇಳ್ದಂಗೇ ಮಾಡಿಸ್ತೀನಿ, ನನ್ನ ಪ್ರಾಣ ತಿನ್ಬೇಡ" ಎಂದ. ದಾಕ್ಷಾಯಣಮ್ಮನ ಕಣ್ಣಲ್ಲಿ ನೀರು ಬಂತು.

"ನೋಡಿದ್ಯೇನೆ ಈರಿ? ತಾಯಿ ಅಂದ ನನ್ನ!"

ಅಲ್ಲಿಂದ ಅವರು ಊರನ್ನು ಆಳತೊಡಗಿದರು. ಯಾರ ಹುಡುಗಿಯನ್ನು ಯಾರಿಗೆ ಕೊಡಬೇಕು, ಶಾಲೆಯ ಗಂಟೆ ಯಾವಾಗ ಹೊಡೆಯಬೇಕು, ಬಾವಿಗೆ ಯಾವ ಬಣ್ಣ ಬಳಿಯಬೇಕು ಎಲ್ಲವನ್ನೂ ತೀರ್ಮಾನಿಸಿ, "ಬ್ಯಾಡ ಅನ್ನೋರು ಈಗ್ಲೇ ಹೇಳಿ, ಆಯ್ತು" ಅನ್ನುತ್ತಿದ್ದರು. ಊರು ಒಕ್ಕೊರಲಿನಿಂದ ಸುಮ್ಮನಿರುತ್ತಿತ್ತು. ಜೀವಮಾನವಿಡೀ ಎದುರುತ್ತರ ಕೇಳಿದ ಹೆಂಗಸಿಗೆ ಊರಿನ ಮೇಲೆ ಅಸಾಧ್ಯ ಪ್ರೀತಿ ಉಕ್ಕಿತು. ಒಂದು ದಿನ ಗುಂಡಿ ಒತ್ತಿ, "ನಿಮಗೆಲ್ಲ ಬುದ್ಧಿ ಬಂತಲ್ಲಪ್ಪ, ನನ್ನ ಹೊಟ್ಟೆ ತಣ್ಣಗಾಯ್ತು. ಬರೋ ಭಾನುವಾರ ಮಧ್ಯಾಹ್ನ ಇಡೀ ಊರಿಗೆ ನಮ್ಮನೇಲಿ ಹೋಳಿಗೆ ಊಟ. ಬರೋಕಾಗದೋರು ಈಗ್ಲೇ ಹೇಳ್ಬಿಡಿ, ಆಯ್ತು" ಎಂದರು.

ಯಾರೂ ಹೇಳಲಿಲ್ಲ.

ಭಾನುವಾರ ಹೊತ್ತೇರುವಾಗ ಈರಮ್ಮ ಏದುಸಿರು ಬಿಡುತ್ತ ನನ್ನ ಅಂಗಡಿಗೆ ಬಂದಳು. ಕೈಗೆಲ್ಲ ಮೈದಾ ಹಿಟ್ಟು. ರುದ್ರಾಣಿಯೂ ಅಲ್ಲೇ ಅಂಗಿಗೆ ಗುಂಡಿ ಹಾಕುತ್ತ ಕೂತಿದ್ದಳು.

"ಟೈಲರಣ್ಣ, ಎಲ್ಲಿ ಜನ? ಎಲೆ ಹಾಕೋ ಹೊತ್ತಾಯ್ತು. ದಾರೀಲಿ ಒಬ್ರೂ ಕಾಣ್ಲಿಲ್ಲ!"

"ಯಾವ ಎಲೆ?"

ಅವಳು ಹೇಳಿದಳು. ಆಚೆ ಹಳ್ಳಿಯಿಂದ ಹೆಂಗಸರನ್ನು ಕರೆಸಿ ಮುಂಜಾನೆಯಿಂದ ಬೇಯಿಸಿದ್ದು, ಬುಟ್ಟಿ ಬುಟ್ಟಿ ಹೋಳಿಗೆ, ಕೊಪ್ಪರಿಗೆ ತುಂಬ ಕಟ್ಟಿನ ಸಾರು, ಅಕ್ಕ ಹೊಸ ಸೀರೆಯುಟ್ಟು ಜಗಲಿಯ ಮೇಲೆ ದಾರಿ ನೋಡುತ್ತ ಕೂತಿರುವುದು. ಕೇಳುತ್ತ ಕೇಳುತ್ತ ರುದ್ರಾಣಿ ಅಂಗಿಯನ್ನು ಕೆಳಗಿಟ್ಟು, ಕದ ಬಿಗಿ ಮಾಡಿದ್ದನ್ನು ಈರಮ್ಮನಿಗೆ ಹೇಳಿದಳು.

"ತನ್ನ ಮಾತು ಯಾರಿಗೂ ಕೇಳ್ಸಿಲ್ಲ ಅಂತ ಅಕ್ಕನಿಗೆ ಗೊತ್ತಾದ್ರೆ ಅವ್ರು ಉಳಿಯಲ್ಲ" ಎಂದಳು ಈರಮ್ಮ, ವಿಷಯ ತಿಳಿದ ಮೇಲೆ. "ಇಷ್ಟು ದಿನ ಗೋಡೆ ಜೊತೆ ಮಾತಾಡ್ದಂಗಾಯ್ತಲ್ಲಮ್ಮ."

ರುದ್ರಾಣಿ ತಟ್ಟನೆ ವಾಕಿಗೆ ಕೈ ಹಾಕಿದಳು. ನಾನು ಕಿತ್ತುಕೊಂಡೆ.

"ಏನು ಮಾಡ್ತಿದೀಯ? ನೀನು ಇದ್ರಲ್ಲಿ ಕೂಗಿದ್ದು ಅವ್ರಿಗೂ ಕೇಳ್ಸುತ್ತೆ!"

"ಮತ್ತೆ ಊರಿಗೆಲ್ಲ ಹೇಳೋದು ಹೆಂಗ್ರೀ? ಒಂದೊಂದೇ ಹೊಸ್ತಿಲು ದಾಟಿ ಒಳಗೆ ಹೋಗಿ ಹೇಳಿ ಬರೋ ಹೊತ್ತಿಗೆ ಸಾಯಂಕಾಲ ಆಗುತ್ತೆ. ಎಲ್ರೂ ಒಂದೇ ಕಡೆ ಬೀದಿಗೆ ಬಂದ್ರೆ ಆಗ್ತಿತ್ತು."

ನನಗೊಂದು ಉಪಾಯ ಹೊಳೆಯಿತು. ವಾಕಿಯ ಗುಂಡಿ ಒತ್ತಿ ಗಂಟಲು ಸರಿಮಾಡಿಕೊಂಡೆ. "ಪೇಟೆ ಬೀದಿಯ ಮುರಿಗೆಪ್ಪ ಮಾತಾಡ್ತಿರೋದು. ಹೊಲಿಯೋಕೆ ಕೊಟ್ಟಿರೋ ಎಲ್ಲರ ಬಟ್ಟೆನೂ ರೆಡಿ ಇದೆ. ಈಗ್ಲೇ ಬಂದು ತಗೊಂಡು ಹೋಗಿ. ಆಯ್ತು."

ಪಟಪಟನೆ ಬಾಗಿಲುಗಳು ತೆರೆದುಕೊಂಡವು. ಮಗಳ ಮದುವೆಗೆಂದು ಕೊಟ್ಟಿದ್ದ ರವಿಕೆಯನ್ನು ಮೊಮ್ಮಗುವಿನ ನಾಮಕರಣಕ್ಕೂ ಪಡೆಯದವರು, ಬಟ್ಟೆ ಕೊಟ್ಟದ್ದನ್ನೇ ಮರೆತವರು, ಬಟ್ಟೆ ಕೊಡದೆ ಇದ್ದವರು ಕೂಡ ಈ ಸೋಜಿಗ ನೋಡಲು ಓಡಿಬಂದರು. ಗಳಿಗೆಯಲ್ಲಿ ಪೇಟೆ ಬೀದಿ ತುಂಬಿಹೋಯಿತು. ಓಂಕಾರಪ್ಪ ತಲೆಗೆ ಮೆತ್ತಿದ ಹಿಟ್ಟನ್ನೂ ಕೊಡವದೆ ಬಂದಿದ್ದ.

ರುದ್ರಾಣಿ ಬೀದಿಯ ನಡುವೆ ನನ್ನ ಕಟಿಂಗ್ ಮೇಜಿನ ಮೇಲೆ ಹತ್ತಿ ನಿಂತಳು. ಎಲ್ಲರ ವಾಕಿಯನ್ನೂ ಆರಿಸಲು ಹೇಳಿ, ನಡೆದದ್ದನ್ನು ಹೇಳಿದಳು.

"ಹೋದ್ರೆ ಬೈತಾಳೆ" ಎಂದ ಓಂಕಾರಪ್ಪ. "ಇಷ್ಟು ದಿನ ನೆಮ್ಮದಿಯಾಗಿದ್ವಿ."

"ಹೋದ ಪೀಡೇನ ಕೈಯಾರೆ ಕರೆದು ತಂದ್ಕೊಳ್ಳೋದಾ?" ಎಂದರು ಜಯದೇವಪ್ಪ.

ರುದ್ರಾಣಿ ಮೇಜಿನ ತುದಿಗೆ ಬಂದಳು. "ನಿಮ್ಮೆಲ್ಲರ ಮಾತಿಗೂ ನಾನು ಕದ ತೆಗ್ದು ನಿಂತಿದೀನಿ. ಕೆಟ್ಟದ್ದು, ಒಳ್ಳೇದು ಅಂತ ನೋಡಿಲ್ಲ. ಅವ್ರೊಬ್ರಿಗೆ ಹಾಕಿದ್ವಿ. ಅದಕ್ಕೆ ಅವ್ರು ಹೋಳಿಗೆ ಮಾಡಿದಾರೆ. ಬರೋರು ಬನ್ನಿ, ನಾನಂತೂ ಹೊರಟೆ."

ಅವಳು ಮೇಜಿನಿಂದ ಇಳಿದು ನಡೆದೇಬಿಟ್ಟಳು. ಜನ ನಿಂತಲ್ಲೇ ಹಿಂದೆಮುಂದೆ ನೋಡಿದರು. "ತುಪ್ಪ ಇದ್ಯಾ?" ಎಂದು ಯಾರೋ ಈರಮ್ಮನನ್ನು ಮೆಲ್ಲಗೆ ಕೇಳಿದರು. "ಡಬ್ಬಿಗಟ್ಟಲೆ" ಎಂದಳು ಅವಳು. ಆಮೇಲೆ ಊರು ಹೊರಟಿತು.

ದಾಕ್ಷಾಯಣಮ್ಮ ಜಗಲಿಯ ಕಂಬ ಹಿಡಿದುಕೊಂಡು ಎದ್ದು ನಿಂತಿದ್ದರು. ನಾವು ಇಷ್ಟು ವರ್ಷ ದನಿ ಕೇಳಿ ಎತ್ತರದ ಆಳು ಅಂದುಕೊಂಡಿದ್ದೆವು. ನನ್ನ ಟೇಪಿನಲ್ಲಿ ಅಳೆದರೆ ಶಾಲೆಯ ಹುಡುಗಿಯಷ್ಟೂ ಇರಲಿಲ್ಲ. "ಇಷ್ಟು ಹೊತ್ತಿಗಾ ಊಟಕ್ಕೆ ಬರೋದು?" ಎಂದು ಗದರಿದರು. ಕಣ್ಣು ಒರೆಸಿಕೊಂಡದ್ದನ್ನು ಮೊದಲ ಸಾಲಿನವರೆಲ್ಲ ನೋಡಿದರು.

ಬೇವಿನ ಮರದ ಕೆಳಗೆ ಮುತ್ತುಗದ ಎಲೆ ಹಾಕಿ ಊರು ಕೂತಿತು. ದಾಕ್ಷಾಯಣಮ್ಮ ಕೋಲೂರಿಕೊಂಡು ಸಾಲಿನುದ್ದಕ್ಕೂ ಬಂದರು. ಏನು ಹೇಳಿದರೂ ತಲೆಯಾಡಿಸಬೇಕೆಂದು ರುದ್ರಾಣಿ ದಾರಿಯಲ್ಲೇ ಎಲ್ಲರಿಗೂ ಹೇಳಿದ್ದಳು.

"ಓಂಕಾರಪ್ಪ, ಗಿರಣಿ ಕಲ್ಲಿಗೆ ಉಳಿ ಹೊಡೆಸ್ತೀನಿ ಅಂದಿದ್ಯಲ್ಲ, ಹೊಡೆಸಿದ್ಯಾ?"

"ಹೂಂನಮ್ಮ" ಎಂದ ಓಂಕಾರಪ್ಪ, ಏನೆಂದು ತಿಳಿಯದೆ.

"ಜಯದೇವಪ್ಪ, ನಿನ್ನ ಕಮಾನಿನ ದೀಪ ಆರಿಸು ಅಂತ ದಿನಾ ಹೇಳಿದೆ. ಒಂದು ಸಲನೂ ಆಗಲ್ಲ ಅನ್ಲಿಲ್ಲ, ದೊಡ್ಡ ಮನಸ್ಸು ನಿಂದು. ಎಂದು ಆರಿಸ್ತೀಯ?"

ಜಯದೇವಪ್ಪನವರ ಬಾಯಲ್ಲಿ ಹೋಳಿಗೆಯಿತ್ತು. ಊರು ಅವರನ್ನೇ ನೋಡುತ್ತಿತ್ತು. ಅವರು ತಲೆಯಾಡಿಸಿದರು.

"ಕಮಾನು ಯಾಕೆ ಅಜ್ಜಿ?" ಎಂದಳು ರುದ್ರಾಣಿ.

"ಹೇಳಿದ್ನಲ್ಲೇ! ಈ ಜಗಲಿಯಿಂದ ಕಮಾನು ಕಾಣುತ್ತೆ. ಸದ್ದು ಪೂರ್ತಿ ಅಡಗೋ ಹಿಂದಿನ ದಿನ ಕೋತಿ ಬಂದು ಅದರ ವೈರು ಕಿತ್ತಾಗ ವಾಕೀಲಿ ಬುಸ್ ಅನ್ನೋದು ನಿಲ್ತು. ವೈರಿನೋನು ಬಂದು ಸರಿ ಮಾಡಿದ, ಮತ್ತೆ ಬುಸ್. ದೀಪ ಓಡಿಸೋ ಆ ಪೆಟ್ಟಿಗೇದೇ ಸದ್ದು. ಸದ್ದು ತಿರುಗಿ ಬರ್ಬಾರ್ದು ಅಂತ ಮರುದಿನದಿಂದ ದಿನಾ ಬಡ್ಕೊಂಡೆ, ನೀನು ಕೇಳಿಸ್ಕೊಂಡಿದೀಯ ತಾನೆ?"

ರುದ್ರಾಣಿ ನನ್ನ ಮುಖ ನೋಡಿದಳು. ನಾನು ನನ್ನ ಮಂಡಿ ನೋಡಿಕೊಂಡೆ.

ದಾಕ್ಷಾಯಣಮ್ಮ ಇನ್ನೂ ನಾಲ್ಕಾರು ಎಲೆ ದಾಟಿದರು. ಮೇಷ್ಟ್ರು ತಲೆಯಾಡಿಸಿದರು. ಅವರ ಹೆಂಡತಿ ತಲೆಯಾಡಿಸಿದಳು. ನನ್ನ ಹೊಲಿಗೆ ಸೊಟ್ಟ ಎಂದರು, ನಾನೂ ತಲೆಯಾಡಿಸಿದೆ. ಅಜ್ಜಿಯ ಹೆಜ್ಜೆ ನಿಧಾನವಾಯಿತು. ಮುಖದ ಗೆಲುವು ಇಳಿಯಿತು. ರುದ್ರಾಣಿಯ ಹತ್ತಿರ ಬಂದು ಬಗ್ಗಿ ಪಿಸುಗುಟ್ಟಿದರು.

"ಇವರಿಗೆಲ್ಲ ಏನಾಗಿದ್ಯೆ? ಊರಿಗೆ ಏನಾದ್ರೂ ಕಾಯಿಲೆ ಗೀಯಿಲೆ ಬಂದಿದ್ಯಾ? ವಾಕೀಲಿ ಸುಮ್ನಿದ್ರು, ಚೆನ್ನಾಗಿತ್ತು. ಎದುರಿಗೆ ಕೂತೂ ಹಿಂಗೆ ತಲೆ ಆಡ್ಸಿದ್ರೆ ನಂಗೆ ಹೆದರಿಕೆ ಆಗುತ್ತೆ ಕಣೆ. ನಾನು ಸಾಯ್ತೀನಿ ಅಂತ ಯಾವನಾದ್ರೂ ಜೋಯಿಸ ಹೇಳಿದ್ನಾ?"

ರುದ್ರಾಣಿ ಅವರ ಕೈ ಹಿಡಿದು ಕೂರಿಸಲು ನೋಡಿದಳು. ಅಷ್ಟರಲ್ಲಿ ದಾಕ್ಷಾಯಣಮ್ಮ, ಮನಸ್ಸು ತಡೆಯದೆ, ಓಂಕಾರಪ್ಪನ ಹತ್ತಿರ ವಾಪಸು ಹೋದರು.

"ನಿಮ್ಮಪ್ಪನ ಕಾಲದಿಂದಲೂ ನಿಮ್ಮ ಗಿರಣಿ ಹಿಟ್ಟು ದನ ತಿನ್ನಲ್ಲ."

ಓಂಕಾರಪ್ಪ ತಲೆಯಾಡಿಸಲು ಹೊರಟವನು ಅರ್ಧಕ್ಕೇ ನಿಂತ. ಅವನ ಕತ್ತು ಕೆಂಪಾಯಿತು. "ನಮ್ಮಪ್ಪನ ಸುದ್ದಿಗೆ ಬರ್ಬೇಡಿ! ಹಿಟ್ಟಿನ ಮಾತಾಡ್ತೀರಲ್ಲ, ಈ ಹೋಳಿಗೆ ತಿಂದು ನೋಡಿದೀರಾ? ಹೂರಣ ಕಲ್ಲಿದ್ದಂಗಿದೆ! ಹಲ್ಲು ಅಲ್ಲಾಡ್ತು ನಂದು!"

ಬೇವಿನ ಮರದ ಕೆಳಗೆ ಎಲ್ಲರ ಕೈಯೂ ನಿಂತುಹೋಯಿತು. ರುದ್ರಾಣಿ ಕಣ್ಣು ಮುಚ್ಚಿಕೊಂಡಳು.

"ಕಲ್ಲಾ?" ಎಂದರು ದಾಕ್ಷಾಯಣಮ್ಮ. ಅವರ ಬೆನ್ನು ನೆಟ್ಟಗಾಯಿತು. "ನನ್ನ ಹೂರಣ ಕಲ್ಲಾ? ನಾಲ್ಕು ತಿಂದು ಐದನೇದಕ್ಕೆ ಕೈ ಚಾಚಿರೋನು ಯಾರೋ? ಈರಿ, ಬಾ ಇಲ್ಲಿ! ಇವನಿಗೆ ಇನ್ನೆರಡು ಹಾಕು. ತುಪ್ಪ ಸುರಿ, ಮೆತ್ತಗಾಗ್ಲಿ ಅವನ ಹಲ್ಲಿಗೆ!"

ಅವರ ಮುಖ ಅಷ್ಟು ಅರಳಿದ್ದನ್ನು ನೋಡಿ ಉಳಿದವರಿಗೂ ಧೈರ್ಯ ಬಂತು. ಮೇಷ್ಟ್ರು ಶಾಲೆಯ ಗಂಟೆ ಬದಲಾಯಿಸುವುದಿಲ್ಲ ಎಂದರು. ನಾನು ನನ್ನ ಹೊಲಿಗೆಯ ಪರವಾಗಿ ಎರಡು ಮಾತಾಡಿದೆ. ಮರದ ಕೆಳಗೆ ಗದ್ದಲವೋ ಗದ್ದಲ. ಜಯದೇವಪ್ಪನವರೂ ಎದ್ದುನಿಂತು, "ಹಂಗಾದ್ರೆ ಕಮಾನಿನ ವಿಷಯಕ್ಕೂ ನಾನು ಒಪ್ಪಿಲ್ಲ" ಎಂದರು.

"ಈಗ ತಾನೇ ಊರ ಮುಂದೆ ತಲೆ ಆಡ್ಸಿದ್ಯಲ್ಲೋ."

"ಬಾಯಲ್ಲಿ ಹೋಳಿಗೆ ಇತ್ತು!"

"ನನ್ನ ಹೋಳಿಗೆ ತಿಂದು ಆಡಿದ ಮಾತು ತಪ್ಪಿದ್ರೆ ಜೀರ್ಣ ಆಗಲ್ಲ, ನೋಡ್ಕೋ."

ಜಯದೇವಪ್ಪನವರು ಹೊಟ್ಟೆ ಮುಟ್ಟಿ ನೋಡಿಕೊಂಡರು. ಅಂದಿನ ಸಂಜೆಯ ಮಟ್ಟಿಗೆ ಆರಿಸಿ ನೋಡುವುದೆಂದು ತೀರ್ಮಾನವಾಯಿತು.

ಹೊತ್ತು ಮುಳುಗುವ ಹೊತ್ತಿಗೆ ನಾನೂ ರುದ್ರಾಣಿಯೂ ಗುಡ್ಡದ ಕೋಣೆಯಲ್ಲಿದ್ದೆವು. ಕೆಳಗೆ ಕಮಾನಿನ ಬಣ್ಣದ ದೀಪಗಳು ಒಂದರ ಹಿಂದೊಂದು ಓಡುತ್ತಲೇ ಇದ್ದವು. ಜಯದೇವಪ್ಪನವರು ಸ್ವಿಚ್ಚಿನ ಹತ್ತಿರ ನಿಂತು ಮನಸ್ಸು ಗಟ್ಟಿ ಮಾಡಿಕೊಳ್ಳಲು ಸಾಕಷ್ಟು ಹೊತ್ತು ತೆಗೆದುಕೊಂಡರು. ಕೊನೆಗೂ ದೀಪ ಆರಿತು. ರುದ್ರಾಣಿ ಕದದ ತಿರುಪನ್ನು ಸಡಿಲ ಮಾಡುತ್ತ ಹೋದಳು. ಬುಸ್ ಎನ್ನುವವರೆಗೆ ಬಹಳ ದೂರ ತಿರುಗಿಸಬೇಕಾಯಿತು. ಸ್ವಲ್ಪ ಹಿಂದಕ್ಕೆ ತಂದಳು, ಸದ್ದು ಅಡಗಿತು. ಕೂದಲೆಳೆಯಷ್ಟು ಇನ್ನೊಮ್ಮೆ ತಿರುಗಿಸಿ ಕೈ ತೆಗೆದಳು.

ಆಮೇಲೆ, ಸಣ್ಣಗೆ, ಆದರೆ ತುಂಡಾಗದೆ, ಹಳ್ಳದಾಚೆಯಿಂದ ದನಿ ಬಂತು. ದಾಕ್ಷಾಯಣಮ್ಮನ ಹೆಬ್ಬೆರಳು ಗುಂಡಿಯ ಮೇಲೆ ತನಗೆ ತಿಳಿಯದೆ ಕೂತಿರಬೇಕು. ಪಾತ್ರೆ ತಿಕ್ಕುವ ಸದ್ದಿನ ನಡುವೆ ಅವರು ಈರಮ್ಮನಿಗೆ ಹೇಳುತ್ತಿದ್ದರು:

"ಆ ಓಂಕಾರಪ್ಪ ಒಬ್ಬ ಬಾಯಿ ಬಿಡ್ದೆ ಹೋಗಿದ್ರೆ ನಂಗೆ ಇವತ್ತು ನಿದ್ದೆ ಬರ್ತಿರ್ಲಿಲ್ಲ ಕಣೆ. ಊರು ಸತ್ತೇ ಹೋಯ್ತೇನೋ ಅನ್ಕೊಂಡಿದ್ದೆ. ಒಳ್ಳೇ ಹುಡುಗ. ಹೂರಣ ಮಾತ್ರ ಗಟ್ಟಿ ಇರ್ಲಿಲ್ಲ ಅಲ್ವೇನೆ?"

ಹೆಬ್ಬೆರಳು ಸರಿಯಿತು. ಆಮೇಲೆ ಓಂಕಾರಪ್ಪ ಗುಂಡಿ ಒತ್ತಿದ. "ಗಟ್ಟಿನೇ ಇತ್ತು. ಬೇಕಾದ್ರೆ ಊರನ್ನ ಕೇಳಿ."

ಊರು ಒಟ್ಟಿಗೇ ಗುಂಡಿ ಒತ್ತಿತು. ಇತ್ತು ಅನ್ನುವವರು, ಇರಲಿಲ್ಲ ಅನ್ನುವವರು ಎಲ್ಲ ಸೇರಿ ರಿಪೀಟರ್ ಕಿರ್ರೋ ಎಂದು ಕಿರುಚಿಕೊಂಡಿತು. ರುದ್ರಾಣಿ ತಿರುಪಿಗೆ ಕೈ ಹಾಕಲಿಲ್ಲ. ಕೋಣೆಯ ಹೊಸ್ತಿಲ ಮೇಲೆ ಕೂತು, ಈರಮ್ಮ ಕಟ್ಟಿಕೊಟ್ಟಿದ್ದ ಡಬ್ಬಿ ಬಿಚ್ಚಿ, ಒಂದು ಹೋಳಿಗೆ ಮುರಿದು ಅರ್ಧ ನನಗೆ ಕೊಟ್ಟಳು. ಅಗಿದು ನೋಡಿದೆವು. ಹೂರಣ ನಿಜಕ್ಕೂ ಗಟ್ಟಿಯಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗುಂಡಿ ಮಾತ್ರ ಒತ್ತಲಿಲ್ಲ.